ಹಳ್ಳ ಎಲ್ಲಿದೆ, ಮೊದಲು ಹೇಳು

ನವೆಂಬರ್ 13, 2025, ಗುರುವಾರ
ಬೆನಿಮಾಕ್ಲೆತ್, ವಲೆನ್ಸಿಯಾ

ಸ್ಪೇನಿನಲ್ಲಿ ಯಾವ ಊರಿನಲ್ಲಿ ನೆಲೆಸೋಣ ಎಂಬ ಇವರ ಪಟ್ಟಿಯಲ್ಲಿ ಮಾಲಗಾ ಮತ್ತೆ ಮೊದಲ ಸಾಲಿಗೆ ಬಂದಿದೆ. ಮೊನ್ನೆಯವರೆಗೆ ವಲೆನ್ಸಿಯಾ ಇತ್ತು, ಅದಕ್ಕೂ ಮೊದಲು ಬಾರ್ಸಿಲೋನಾ. ಕಚೇರಿಗೆ ಹೋಗಲೇಬೇಕಾದ ಕೆಲಸವಾಗಿದ್ದರೆ ಕಚೇರಿ ಇದ್ದ ಊರಿಗೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದೆವು. 2022ರ ಕೊನೆಯಲ್ಲಿ ಸ್ಪೇನ್ ಮಾಡಿದ ಕಾನೂನಿನ ಕೃಪೆಯಿಂದ, ಹೊರದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲೇ ದುಡಿಯುವವರು ಈ ದೇಶದ ಯಾವ ಮೂಲೆಯಲ್ಲಾದರೂ ಮನೆ ಮಾಡಬಹುದು. ಎಲ್ಲಾದರೂ ಇರಬಹುದು ಎಂದ ಮೇಲೆ ಎಲ್ಲಿಯೂ ಮನಸ್ಸು ನಿಲ್ಲುತ್ತಿಲ್ಲ.

ಮಾಲಗಾದಲ್ಲಿ ಬಿಸಿಲಿದೆ, ಸಾಫ್ಟ್‌ವೇರ್ ಜನರಿದ್ದಾರೆ, ವಿಮಾನ ನಿಲ್ದಾಣ ಹತ್ತಿರ. 2024ರ ಜೂನ್‌ನಲ್ಲಿ ಬಾಡಿಗೆ ಏರಿತೆಂದು ಸಾವಿರಾರು ಜನ ಬೀದಿಗಿಳಿದದ್ದೂ ಅಲ್ಲಿಯೇ. ಆ ಮೆರವಣಿಗೆ ಪ್ರವಾಸಿಗರ ಮೇಲಿನ ಸಿಟ್ಟು ಎಂದು ಇವರು ವಾದಿಸುತ್ತಾರೆ. ಹೊರಗಿನ ಸಂಬಳ ತಂದು ಒಳಗಿನ ಬಾಡಿಗೆ ಏರಿಸುವ ನಮ್ಮಂಥವರ ಮೇಲೂ ಇರಬೇಕು ಎಂದೆ. ಉತ್ತರ ಬರಲಿಲ್ಲ.

ನಿನ್ನೆ ಕತರ್ರೋಹಾಕ್ಕೆ ಹೋಗಿ ಒಂದು ಮನೆ ನೋಡಿ ಬಂದೆ. ವಲೆನ್ಸಿಯಾದಿಂದ ದಕ್ಷಿಣಕ್ಕೆ, ರೈಲಿನಲ್ಲಿ ಹೋದರೆ ಸೀಟು ಬೆಚ್ಚಗಾಗುವಷ್ಟರಲ್ಲಿ ಬರುವ ಊರು. ಎರಡನೆಯ ಮಹಡಿ, ಮೂರು ಕೋಣೆ, ಅಡುಗೆಮನೆಗೆ ಅಂಟಿಕೊಂಡು ಬಟ್ಟೆ ಒಣಗಿಸುವ ಜಾಗ. ಇಲ್ಲಿ ಬೆನಿಮಾಕ್ಲೆತ್‌ನಲ್ಲಿ ಆ ಬಾಡಿಗೆಗೆ ಅರ್ಧ ಮನೆ ಸಿಗುವುದು ಕಷ್ಟ. ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಲಿಫ್ಟ್ ಇನ್ನೂ ಓಡುತ್ತಿಲ್ಲ ಎಂದು ಕ್ಷಮೆ ಕೇಳುತ್ತಲೇ ಮೆಟ್ಟಿಲು ಹತ್ತಿದರು. ಕೆಳಗಿನ ಗೋಡೆಗೆಲ್ಲ ಹೊಸ ಬಣ್ಣ. ಯಾಕೆ ಎಂದು ನಾನು ಕೇಳಲಿಲ್ಲ, ಅವರೇ ನಿಂತು ತಮ್ಮ ಭುಜದ ಎತ್ತರದಲ್ಲಿ ಗೋಡೆಯ ಮೇಲೆ ಅಂಗೈ ಇಟ್ಟರು. ಇಲ್ಲಿಯವರೆಗೆ, ಎಂದರು.

ನನ್ನ ಸ್ಪ್ಯಾನಿಷ್ ಇನ್ನೂ ತರಕಾರಿ ಕೊಳ್ಳುವಷ್ಟರದ್ದು. ಅವರು ನಿಧಾನವಾಗಿ, ಕೈಸನ್ನೆ ಸೇರಿಸಿ ಹೇಳಿದರು. ಕಳೆದ ವರ್ಷ ಅಕ್ಟೋಬರ್ 29ರ ಸಂಜೆ ಅವರ ಬೀದಿಯಲ್ಲಿ ಮಳೆಯೇ ಇರಲಿಲ್ಲವಂತೆ. ಮಳೆ ಸುರಿದದ್ದು ಮೇಲೆ ಚೀವಾ, ತುರೀಸ್ ಕಡೆಯ ಗುಡ್ಡಗಳಲ್ಲಿ. ಪೋಯೊ ಹಳ್ಳ ಅದನ್ನೆಲ್ಲ ಹೊತ್ತು ತಂದು ಪೈಪೋರ್ತಾ, ಕತರ್ರೋಹಾಗಳ ಮೇಲೆ ಸುರಿಯಿತು. ಸರ್ಕಾರದ ಎಚ್ಚರಿಕೆ ಮೊಬೈಲಿಗೆ ಬಂದಾಗ ರಾತ್ರಿ 8.11. ಆ ಹೊತ್ತಿಗಾಗಲೇ ಕಾರುಗಳು ಬೀದಿಯಲ್ಲಿ ತೇಲುತ್ತಿದ್ದವು. "ಕೆಳಮನೆಯವರು ಕಾರನ್ನು ಮೇಲೆ ತರೋಣ ಎಂದು ನೆಲಮಾಳಿಗೆಗೆ ಇಳಿದರು," ಎಂದವರು ಮುಂದೆ ಹೇಳದೆ ಕೀಲಿಕೈ ಗೊಂಚಲಿನಲ್ಲಿ ನಮ್ಮ ಬಾಗಿಲಿನದನ್ನು ಹುಡುಕತೊಡಗಿದರು. ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಪತ್ರಿಕೆಯಲ್ಲಿ ಓದಿದ್ದೆ.

ಮನೆ ಮಾತ್ರ ಬಹಳ ಚೆನ್ನಾಗಿತ್ತು. ಬಾಲ್ಕನಿಗೆ ಬೆಳಗಿನ ಬಿಸಿಲು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಮ್ಮ ಕರಿಬೇವು ಸಿಗುತ್ತದೆಯೇ ಎಂದು ಕೇಳಿ ಫೋನ್ ಅವರ ಕೈಗೆ ಕೊಟ್ಟಳು. ಅಪ್ಪ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಸಣ್ಣ ನೀರಾವರಿ ಇಲಾಖೆ ಅವರನ್ನು ಬಿಟ್ಟಿಲ್ಲ. ಬಾಡಿಗೆ, ಬಾಲ್ಕನಿ, ಬಿಸಿಲು ಎಲ್ಲ ಹೇಳಿ ಮುಗಿಸುವವರೆಗೆ ಸುಮ್ಮನಿದ್ದು, "ಅದಿರಲಿ, ಹಳ್ಳ ಎಲ್ಲಿದೆ, ಮೊದಲು ಹೇಳು," ಎಂದರು.

"ಅದು ವರ್ಷವಿಡೀ ಒಣಗಿಯೇ ಇರುತ್ತದಂತೆ, ಅಪ್ಪ."

"ನಮ್ಮ ಕೋಲಾರದ ಹಳ್ಳಗಳು ಯಾವ ವರ್ಷ ತುಂಬಿ ಹರಿದಿವೆ? ಹಾಗೆಂದು ಅಲ್ಲಿ ಮನೆ ಕಟ್ಟುತ್ತೇವೆ ಎಂದು ಬಂದವರಿಗೆ ನಾನು ನಿರಾಕ್ಷೇಪಣಾ ಪತ್ರ ಕೊಟ್ಟಿದ್ದೆನೇ?"

ಮತ್ತೆ ಊರೊಳಗಿನ ತುರಿಯಾ ನದಿಯ ಬಗ್ಗೆ ಕೇಳಿದರು. 1957ರ ಅಕ್ಟೋಬರ್‌ನಲ್ಲಿ ಆ ನದಿ ವಲೆನ್ಸಿಯಾವನ್ನು ಮುಳುಗಿಸಿತು. ಆಮೇಲೆ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿ, ಹಳೆಯ ಪಾತ್ರದಲ್ಲಿ ಉದ್ಯಾನ ಮಾಡಿದ್ದಾರೆ. ಸೇತುವೆಗಳೆಲ್ಲ ಹಾಗೆಯೇ ಇವೆ, ಕೆಳಗೆ ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ಇದನ್ನು ಕೇಳಿ ಅಪ್ಪ ಬಯ್ಯುತ್ತಾರೆ ಎಂದುಕೊಂಡಿದ್ದೆ. "ನಾವು ಬೆಂಗಳೂರಿನ ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ ಮಾಡಿದೆವು, ನೀರಿಗೆ ಬೇರೆ ದಾರಿ ತೋರಿಸಲಿಲ್ಲ. ಇವರು ತೋರಿಸಿದ್ದಾರೆ," ಎಂದರು. ಸ್ವಲ್ಪ ತಡೆದು, "ಹೊಸ ಕಾಲುವೆಯ ಆಚೆಗಿರುವವರಿಗೆ ಏನು ಮಾಡಿದ್ದಾರೆ?" ಎಂದೂ ಕೇಳಿದರು. ಕಾಲುವೆಯ ಈಚೆಗಿದ್ದ ನಗರಕ್ಕೆ ಕಳೆದ ವರ್ಷ ಹೆಚ್ಚೇನೂ ಆಗಲಿಲ್ಲ. ಆಚೆಗಿನ ಊರುಗಳಿಗೆ ಇಲ್ಲಿಂದ ಸಾವಿರಾರು ಜನ ಸೇತುವೆ ದಾಟಿ, ಪೊರಕೆ ಸಲಿಕೆ ಹಿಡಿದು ನಡೆದೇ ಹೋದರು. ಆ ಅಜ್ಜಿಯ ಮನೆ ಆಚೆಗಿದೆ.

ಅಪ್ಪನಿಗಾಗಿಯೇ ಇವತ್ತು ಹನ್ನೆರಡು ಗಂಟೆಗೆ ಕ್ಯಾಥೆಡ್ರಲ್ ಮುಂದೆ ನಿಂತಿದ್ದೆ. ಪ್ರತಿ ಗುರುವಾರ ಅಲ್ಲಿನ ಬಾಗಿಲಿನಲ್ಲಿ ನೀರಿನ ನ್ಯಾಯಾಲಯ ಸೇರುತ್ತದೆ. ಎಂಟು ಕಾಲುವೆ, ಎಂಟು ಜನ, ಎಲ್ಲರೂ ರೈತರೇ, ಕಪ್ಪು ನಿಲುವಂಗಿ. ಒಂದೊಂದು ಕಾಲುವೆಯ ಹೆಸರು ಕೂಗಿ ದೂರಿದೆಯೇ ಎಂದು ಕೇಳುತ್ತಾರೆ. ಇವತ್ತು ಯಾವ ದೂರೂ ಇರಲಿಲ್ಲ, ನಾಲ್ಕು ನಿಮಿಷದಲ್ಲಿ ಎದ್ದರು. ವಿಡಿಯೊ ನೋಡಿದ ಅಪ್ಪನ ಪ್ರಶ್ನೆ: "ನಮ್ಮಲ್ಲಿನ ಹಾಗೆ ನೀರುಗಂಟಿ ಇದ್ದಾನೆಯೇ? ತೂಬು ಎತ್ತುವವರು ಯಾರು?" ನಾನು ಬಾಡಿಗೆ ಮನೆ ಹುಡುಕುತ್ತಿರುವುದು ಅವರಿಗೆ ಮರೆತೇ ಹೋಗಿತ್ತು.

ಮಗಳ ಶಾಲೆಯದು ಇನ್ನೊಂದು ತಲೆನೋವು. ಪುರಸಭೆಯಲ್ಲಿ ವಿಳಾಸ ನೋಂದಣಿಯಾಗದೆ ಶಾಲೆಯ ಅರ್ಜಿ ಮುಂದೆ ಹೋಗುವುದಿಲ್ಲ, ಈ ತಾತ್ಕಾಲಿಕ ಮನೆಯ ಮಾಲೀಕರು ನೋಂದಣಿಗೆ ಒಪ್ಪುತ್ತಿಲ್ಲ. ಶಾಲೆಗಳಲ್ಲಿ ಸ್ಪ್ಯಾನಿಷ್ ಜೊತೆಗೆ ವಲೆನ್ಸಿಯನ್ ಕೂಡ ಇದೆ. ಎರಡು ಹೊಸ ಭಾಷೆ ಮಗುವಿಗೆ ಭಾರ, ಮಾಲಗಾದಲ್ಲಾದರೆ ಒಂದೇ ಸಾಕು ಎನ್ನುತ್ತಾರೆ ಇವರು. ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದೂ ಕನ್ನಡ ಕಲಿಯದವರನ್ನು ಊಟಕ್ಕೆ ಕೂತಾಗಲೆಲ್ಲ ಬಯ್ಯುತ್ತಿದ್ದ ಮನುಷ್ಯ! ನಾನು ನಕ್ಕೆ. ಅವರಿಗೆ ನಗು ಬರಲಿಲ್ಲ.

ಸೋಮವಾರದೊಳಗೆ ಉತ್ತರ ಕೊಡಿ, ಇನ್ನೊಂದು ಸಂಸಾರ ಕೇಳುತ್ತಿದೆ ಎಂದು ಅಜ್ಜಿ ಸಂದೇಶ ಕಳಿಸಿದ್ದಾರೆ. ಹೊರಗಿನ ಕಂಪನಿಯ ಸಂಬಳದ ಚೀಟಿ ನಡೆಯುವುದಿಲ್ಲ ಎಂದು ಎಷ್ಟೋ ಮನೆ ಮಾಲೀಕರು ಬಾಗಿಲಲ್ಲೇ ಕಳಿಸಿದ್ದರು. ಆ ಚೀಟಿಯನ್ನು ಕೇಳದೆ ಕೀಲಿ ಕೈಗಿಡಲು ಸಿದ್ಧರಿದ್ದವರು ಅವರೊಬ್ಬರೇ. ಎರಡನೆಯ ಮಹಡಿಗೆ ನೀರು ಬರಲಿಲ್ಲವಲ್ಲ ಎಂದು ಇವರು. ಕೆಳಗಿನ ಮೆಟ್ಟಿಲುಗಳನ್ನು ದಾಟಿಯೇ ಮಗಳು ಶಾಲೆಗೆ ಹೋಗಬೇಕಲ್ಲ ಎಂದು ನಾನು.

ಹಾಗಾದರೆ ಈ ಬೆನಿಮಾಕ್ಲೆತ್‌ನಲ್ಲೇ ಪುಟ್ಟದೊಂದು ಮನೆ ಹಿಡಿದು ಕೂರೋಣ ಎಂದುಕೊಳ್ಳುತ್ತಿರುವಾಗಲೇ ಅಪ್ಪ ನಕ್ಷೆಯೊಂದನ್ನು ಕಳಿಸಿದ್ದಾರೆ. ನಮ್ಮ ಉತ್ತರಕ್ಕೆ, ಅಲ್ಬೊರಾಯಾದ ಮಗ್ಗುಲಲ್ಲಿ ಕರ್ರಾಯ್‌ಶೆತ್ ಎಂಬ ಇನ್ನೊಂದು ಒಣ ಹಳ್ಳ. ಅದಕ್ಕೆ ಕೆಂಪು ಗೆರೆ ಎಳೆದು, ಕೆಳಗೆ ಬರೆದಿದ್ದಾರೆ: ದಡ ಎಷ್ಟು ಎತ್ತರವಿದೆ, ನಾಳೆ ಹೋಗಿ ನೋಡು.