ಕಟ್ಟಿಸಿದ ಹಲ್ಲು: ಹಣದ ಲೆಕ್ಕ, ಮೂಳೆಯ ಲೆಕ್ಕ

ಮೂರು ವರ್ಷಗಳ ಹಿಂದೆ, ಬಾಯಿಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲುಗಳನ್ನು ಎರಡು ಸಲಕ್ಕೆ ಕೀಳಿಸಿಕೊಂಡೆ. ವಸಡಿನ ರೋಗವು ಹದಿನೈದು ವರ್ಷಗಳಿಂದ ಒಂದೊಂದೇ ಹಲ್ಲನ್ನು ಅಲುಗಾಡಿಸುತ್ತ ಬಂದಿತ್ತು. ಅಲುಗಾಡಿದ್ದನ್ನು ಕೀಳಿಸುವುದು, ಖಾಲಿಯಾದ ಜಾಗವನ್ನು ಹಾಗೆಯೇ ಬಿಡುವುದು, ಇನ್ನೊಂದು ಬದಿಯಿಂದ ಅಗಿಯುವುದನ್ನು ರೂಢಿಸಿಕೊಳ್ಳುವುದು, ಹೀಗೆ ಕಾಲ ತಳ್ಳಿದ ನನಗೆ ಕೊನೆಗೆ ಅಗಿಯಲು ಬದಿಯೇ ಉಳಿಯಲಿಲ್ಲ. ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂದು ಆ ಅವಧಿಯಲ್ಲಿ ಹೇಳಿದ ವೈದ್ಯರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ ಆಗಿತ್ತು: ಸದ್ಯಕ್ಕೆ ದುಬಾರಿ, ಮುಂದೆ ನೋಡೋಣ. ಆ ‘ಮುಂದೆ’ ಎಂಬುದಕ್ಕೂ ಒಂದು ಬೆಲೆ ಇದೆಯೆಂದು ನನಗೆ ತಿಳಿದದ್ದು ತಡವಾಗಿ.

ಹಲ್ಲುಗಳನ್ನು ಕೀಳಿಸುವ ಮೊದಲು ಮೂರು ಕಡೆ ಅಂದಾಜು ವೆಚ್ಚ ಕೇಳಿದ್ದೆ. ಮೊದಲನೆಯವರು ಬರೆದುಕೊಟ್ಟ ಮೊತ್ತಕ್ಕಿಂತ ಮೂರನೆಯವರದು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಯಾರೋ ಸುಲಿಯಲು ನೋಡುತ್ತಿದ್ದಾರೆ ಎಂಬ ಸಿಟ್ಟಿನಲ್ಲಿ ಮೂರೂ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ, ಮೂವರೂ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕಿನ ಬೆಲೆ ಬರೆದಿದ್ದಾರೆಂದು ಅರ್ಥವಾಯಿತು. ನಾವು ಇಂಪ್ಲಾಂಟ್ ಎಂದು ಒಟ್ಟಾಗಿ ಕರೆಯುವುದರಲ್ಲಿ ವಾಸ್ತವವಾಗಿ ಮೂರು ಭಾಗಗಳಿವೆ: ಮೂಳೆಯೊಳಗೆ ಬೇರಿನಂತೆ ಕೂರುವ ಟೈಟಾನಿಯಂ ತಿರುಪು, ಅದರ ಮೇಲೆ ವಸಡಿನಿಂದ ಹೊರಗೆ ಬರುವ ಜೋಡಣೆಯ ತುಂಡು, ಮತ್ತು ಎಲ್ಲಕ್ಕೂ ಮೇಲೆ ಕಾಣುವ ಹಲ್ಲು, ಅಂದರೆ ಕ್ಯಾಪ್. ಮೊದಲನೆಯ ಚೀಟಿಯಲ್ಲಿದ್ದದ್ದು ತಿರುಪಿನ ಬೆಲೆ ಮಾತ್ರ. ಎರಡನೆಯದರಲ್ಲಿ ಮೂರೂ ಭಾಗಗಳಿದ್ದವು, ಆದರೆ ಸ್ಕ್ಯಾನ್, ಹಲ್ಲು ಕೀಳುವ ಖರ್ಚು, ಗಾಯ ಮಾಯುವ ತನಕ ಹಾಕಿಕೊಳ್ಳಬೇಕಾದ ತಾತ್ಕಾಲಿಕ ಸೆಟ್ (ತೆಗೆದು ಹಾಕಿಕೊಳ್ಳಬಹುದಾದ ಕಟ್ಟಿಸಿದ ಹಲ್ಲುಗಳು), ಇವು ಯಾವುವೂ ಇರಲಿಲ್ಲ. ಮೂರನೆಯವರು ಎಲ್ಲವನ್ನೂ ಬರೆದು, ಕೆಳಗೆ ಮೂಳೆ ತುಂಬಿಸುವ ಶಸ್ತ್ರಚಿಕಿತ್ಸೆಯನ್ನೂ ಸೇರಿಸಿದ್ದರು. ನನ್ನ ಕಣ್ಣಿಗೆ ಸುಲಿಗೆಯಂತೆ ಕಂಡದ್ದೇ ಮೂರರಲ್ಲಿ ಹೆಚ್ಚು ಪ್ರಾಮಾಣಿಕವಾದ ಚೀಟಿಯಾಗಿತ್ತು.

ಬೆಲೆಯ ಹಿಂದಿನ ಕಾರಣ ತಿಳಿಯಲು ಈ ವಿಧಾನ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬ ಸಂಶೋಧಕರು 1952ರಲ್ಲಿ ಮೊಲಗಳ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲೆಂದು ಟೈಟಾನಿಯಂನ ಪುಟ್ಟ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯರೊಬ್ಬರ ದವಡೆಯಲ್ಲಿ ಇಂತಹ ತಿರುಪುಗಳನ್ನು ಕೂರಿಸಿದರು. ಮೂಳೆ ಹೀಗೆ ಹಿಡಿದುಕೊಳ್ಳಲು ಸಮಯ ಬೇಕು. ಕೆಳದವಡೆಗೆ ಸುಮಾರು ಮೂರು ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಗೆ ಆರು ತಿಂಗಳವರೆಗೆ ಕಾಯುವುದು ಹಳೆಯ ಕ್ರಮ. ಅದೇ ದಿನ ಹಲ್ಲು ಕೂರಿಸುವ ವಿಧಾನಗಳೂ ಈಗ ಬಂದಿವೆ, ಆದರೆ ಎಲ್ಲರ ಮೂಳೆಯೂ ಅದಕ್ಕೆ ಒಪ್ಪುವುದಿಲ್ಲ. ಹೀಗಾಗಿ ನಾವು ಕೊಡುವ ಹಣ ಲೋಹದ ತುಂಡಿಗೆ ಮಾತ್ರ ಸಲ್ಲುವುದಿಲ್ಲ. ಸ್ಕ್ಯಾನ್ ನೋಡಿ ನರ ಎಲ್ಲಿದೆ, ಮೂಳೆ ಎಷ್ಟಿದೆ ಎಂದು ಅಳೆಯುವ ಪರಿಣತಿಗೆ, ಪ್ರಯೋಗಾಲಯದಲ್ಲಿ ಹಲ್ಲು ರೂಪಿಸುವವರ ಕೈಕೆಲಸಕ್ಕೆ, ತಿಂಗಳುಗಟ್ಟಲೆ ನಡೆಯುವ ಭೇಟಿಗಳಿಗೆ ಸಲ್ಲುತ್ತದೆ.

ಇನ್ನು ಮೂಳೆಯ ವಿಷಯ. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆಗೆ ಕೆಲಸವಿಲ್ಲ; ಕೆಲಸವಿಲ್ಲದ ಮೂಳೆಯನ್ನು ದೇಹ ಕರಗಿಸುತ್ತ ಹೋಗುತ್ತದೆ. ಮೊದಲ ವರ್ಷದಲ್ಲಿ ಕರಗುವುದು ಹೆಚ್ಚು, ಆಮೇಲೆ ನಿಧಾನ, ಆದರೆ ಪೂರ್ತಿ ನಿಲ್ಲುವುದಿಲ್ಲ. ಪೂರ್ಣ ಸೆಟ್ ಧರಿಸಿದವರನ್ನು 25 ವರ್ಷಗಳವರೆಗೆ ಗಮನಿಸಿ 1972ರಲ್ಲಿ ಪ್ರಕಟವಾದ ಟಾಲ್‌ಗ್ರೆನ್ ಎಂಬ ಸಂಶೋಧಕರ ಅಧ್ಯಯನವು, ಕೆಳದವಡೆಯ ಮುಂಭಾಗದ ದಿಂಡು, ಅಂದರೆ ಹಲ್ಲುಗಳಿದ್ದ ಮೂಳೆಯ ಏಣು, ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂದು ತೋರಿಸಿತು. ಮೇಲ್ದವಡೆಯ ಹಿಂಭಾಗದಲ್ಲಿ ಸಮಸ್ಯೆ ಬೇರೆ: ಅಲ್ಲಿ ಮೂಳೆ ತೆಳುವಾದಂತೆ ಅದರ ಮೇಲಿರುವ ಸೈನಸ್ ಎಂಬ ಟೊಳ್ಳು ಕೆಳಗಿಳಿಯುತ್ತದೆ, ಅದನ್ನು ಮೇಲೆತ್ತಿ ಮೂಳೆ ತುಂಬದೆ ಅನೇಕ ಸಲ ತಿರುಪು ಕೂರಿಸಲಾಗುವುದಿಲ್ಲ. ಹಾಗೆ ತುಂಬಿದ ಮೂಳೆ ಗಟ್ಟಿಯಾಗಲು ಇನ್ನೂ ಕೆಲವು ತಿಂಗಳು ಬೇಕು, ಅದರ ಖರ್ಚೂ ಬೇರೆಯೇ. ನನ್ನ ದವಡೆಯಲ್ಲಿ ಮೂಳೆ ಇದ್ದಾಗ ಕೈಯಲ್ಲಿ ಹಣವಿರಲಿಲ್ಲ. ಹಣ ಕೂಡುವ ಹೊತ್ತಿಗೆ ಮೂಳೆ ಕರಗಿತ್ತು. ಹದಿನೈದು ವರ್ಷಗಳ ಹಿಂದೆ ಎರಡು ಹಲ್ಲುಗಳಿಗೆ ಉಳಿಸಿದೆನೆಂದುಕೊಂಡ ಹಣ ಮೂರನೆಯ ಚೀಟಿಯ ಕೊನೆಯ ಸಾಲಿನಲ್ಲಿ ಬಡ್ಡಿ ಸಮೇತ ಕುಳಿತಿತ್ತು.

ಅಂದಾಜು ಕೇಳಲು ಹೋಗುವವರು ಚೀಟಿಯಲ್ಲಿ ಕ್ಯಾಪ್ ಸೇರಿದೆಯೇ, ಮೂಳೆ ತುಂಬಿಸಬೇಕಾಗುವ ಸಾಧ್ಯತೆ ಎಷ್ಟು, ತಿರುಪು ಮೂಳೆಗೆ ಹಿಡಿಯದೆ ಹೋದರೆ ಮತ್ತೆ ಕೂರಿಸಲು ಹಣ ಕೊಡಬೇಕೇ, ಇವನ್ನು ಲಿಖಿತವಾಗಿ ಕೇಳಬೇಕು. ಇದಕ್ಕಿಂತ ಮುಖ್ಯವೆಂದು ನನಗೆ ತೋರುವ ಇನ್ನೊಂದು ಮಾತಿದೆ. ಒಂದು ಕಂಪನಿಯ ತಿರುಪಿಗೆ ಇನ್ನೊಂದು ಕಂಪನಿಯ ಜೋಡಣೆಯ ತುಂಡು ಸಾಮಾನ್ಯವಾಗಿ ಹೊಂದುವುದಿಲ್ಲ. ಆದ್ದರಿಂದ ಬಾಯಿಯಲ್ಲಿ ಕೂರಿಸಿದ ತಿರುಪಿನ ಕಂಪನಿ, ಮಾದರಿ, ಅಳತೆ ಮತ್ತು ದಿನಾಂಕ ಇರುವ ಕಾರ್ಡನ್ನು ಕೇಳಿ ಪಡೆದು, ಮನೆಯ ಪತ್ರಗಳ ಜೊತೆ ಇಡಬೇಕು. ಹತ್ತು ವರ್ಷಗಳ ನಂತರ ಬೇರೊಬ್ಬ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದಾಗ ಈ ಕಾರ್ಡು ಇಲ್ಲದಿದ್ದರೆ, ಒಂದು ಸಣ್ಣ ಸ್ಕ್ರೂ ಬದಲಿಸುವ ಕೆಲಸವೂ ಪತ್ತೇದಾರಿಕೆಯಾಗುತ್ತದೆ. ಚಿಕಿತ್ಸೆ ಅಗ್ಗವೆಂದು ದೂರದ ಊರಿಗೆ ಹೋಗುವವರಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ, ಏಕೆಂದರೆ ಹಲ್ಲು ಅವರೊಂದಿಗೆ ಹಿಂದಿರುಗುತ್ತದೆ, ವೈದ್ಯರು ಹಿಂದಿರುಗುವುದಿಲ್ಲ.

ಇಂಪ್ಲಾಂಟ್ ಒಮ್ಮೆ ಹಾಕಿಸಿದರೆ ಜೀವಮಾನವಿಡೀ ಚಿಂತೆಯಿಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಹತ್ತು ವರ್ಷಗಳ ನಂತರವೂ 100ರಲ್ಲಿ 90ಕ್ಕಿಂತ ಹೆಚ್ಚು ತಿರುಪುಗಳು ಗಟ್ಟಿಯಾಗಿಯೇ ಇರುತ್ತವೆ ಎಂಬುದು ನಿಜ. ಆದರೆ ಟೈಟಾನಿಯಂಗೆ ಹುಳುಕು ಹಿಡಿಯದಿದ್ದರೂ ಅದರ ಸುತ್ತಲಿನ ವಸಡು ಮತ್ತು ಮೂಳೆಗೆ ಸೋಂಕು ತಗಲಬಹುದು, ಮತ್ತು ವಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡ ನನ್ನಂಥವರಿಗೆ ಆ ಅಪಾಯ ಹೆಚ್ಚು. ಧೂಮಪಾನ ಮಾಡುವವರಿಗೂ ಹತೋಟಿಯಲ್ಲಿಲ್ಲದ ಮಧುಮೇಹ ಇರುವವರಿಗೂ ಹಾಗೆಯೇ. ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಅದನ್ನು ಮೊದಲೇ ಹೇಳಿಬಿಡಬೇಕು. ಅವುಗಳಲ್ಲಿ ಕೆಲವು ದವಡೆಯ ಗಾಯ ಮಾಯದಂತೆ ಮಾಡಬಲ್ಲವು.

ಇಷ್ಟೆಲ್ಲ ತೂಗಿ ನೋಡಿ ನಾನು ಮೇಲೆ ಕೆಳಗೆ ಎರಡಕ್ಕೂ ಪೂರ್ಣ ಸೆಟ್ ಮಾಡಿಸಿಕೊಂಡೆ. ಮುಂದಿನ ಹಲ್ಲುಗಳನ್ನು ಕಿತ್ತ ದಿನವೇ, ಮೊದಲೇ ಅಳತೆ ತೆಗೆದು ಸಿದ್ಧಪಡಿಸಿದ ಸೆಟ್ ಕೂರಿಸಿದ್ದರಿಂದ ಬೊಚ್ಚುಬಾಯಿಯಲ್ಲಿ ಮನೆಗೆ ಬರುವ ಪ್ರಸಂಗ ತಪ್ಪಿತು. ಬಾಯಿ ಮಾತ್ರ ಒಪ್ಪಲಿಲ್ಲ. ಸೆಟ್ಟನ್ನು ತಿನ್ನುವ ಪದಾರ್ಥವೆಂದೇ ತಿಳಿದ ಬಾಯಿ ಮೊದಲ ವಾರವೆಲ್ಲ ಜೊಲ್ಲು ಸುರಿಸಿತು. ಅಂಗುಳವನ್ನು ಮುಚ್ಚುವ, ಮೇಲಿನ ಸೆಟ್‌ನ ತಗಡಿನಂಥ ಭಾಗದ ಹಿಂದಿನ ಅಂಚು ತಾಗಿ ಓಕರಿಕೆ ಬರುತ್ತಿತ್ತು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದನ್ನು ವೈದ್ಯರು ಹೇಳಿಕೊಟ್ಟರು, ಅದರಿಂದ ಕಡಿಮೆಯಾಯಿತು.

ಮಾತಿನ ಕಷ್ಟವನ್ನು ನಾನು ಊಹಿಸಿಯೇ ಇರಲಿಲ್ಲ. ದೀರ್ಘಕಾಲ ಪಾಠ ಹೇಳಿದ ನನಗೆ, ತ ಥ ದ ಧ ನ ಎಂಬವು ದಂತ್ಯಗಳು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ವ್ಯಾಕರಣದ ಅರ್ಥ ಹಲ್ಲಿಲ್ಲದಾಗ ಆಯಿತು. ನಾಲಿಗೆಯ ತುದಿ ತನ್ನ ಹಳೆಯ ನೆನಪಿನ ಜಾಗಕ್ಕೆ ಹೋಗುತ್ತದೆ, ಅಲ್ಲಿ ಹಲ್ಲು ಒಂದು ಕೂದಲೆಳೆಯಷ್ಟು ಮುಂದೆಯೋ ಹಿಂದೆಯೋ ಇರುತ್ತದೆ. ಸಕಾರ ಸಿಳ್ಳೆಯಾಗುತ್ತಿತ್ತು, ಫ್ಯಾನ್ ಎನ್ನುವಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗಬೇಕಾದ ಫಕಾರದಲ್ಲಿ ಗಾಳಿ ಸೋರುತ್ತಿತ್ತು. ಪ ಬ ಮ ಮಾತ್ರ ತುಟಿಗಳದೇ ಸ್ವತ್ತಾದ್ದರಿಂದ ಕೈಬಿಡಲಿಲ್ಲ. ದಿನಕ್ಕೆ ಅರ್ಧ ಗಂಟೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿದೆ, ಮಗಳು ಎದುರಿಗೆ ಕುಳಿತು ತಪ್ಪಿದ ಅಕ್ಷರಗಳನ್ನು ಗುರುತು ಮಾಡುತ್ತಿದ್ದಳು. ಮೂರನೆಯ ವಾರಕ್ಕೆ ಅವಳು ಗುರುತು ಮಾಡುವುದನ್ನು ಬಿಟ್ಟು ಸುದ್ದಿಯ ಬಗ್ಗೆಯೇ ವಾದಕ್ಕೆ ನಿಂತಾಗ ಮಾತು ಸರಿಯಾಗಿದೆ ಎಂದುಕೊಂಡೆ.

ಅಗಿಯುವುದನ್ನು ಕಲಿಯಲು ಇನ್ನೂ ಹೆಚ್ಚು ಕಾಲ, ಸುಮಾರು ಎರಡು ತಿಂಗಳು ಹಿಡಿಯಿತು. ಪೂರ್ಣ ಸೆಟ್‌ನಿಂದ ಕಚ್ಚುವ ಬಲವು ಸ್ವಂತ ಹಲ್ಲಿನ ಬಲದ ಸುಮಾರು ಕಾಲು ಭಾಗ, ಹಲವರಲ್ಲಿ ಅದಕ್ಕಿಂತಲೂ ಕಡಿಮೆ. ಜೊತೆಗೆ, ಸ್ವಂತ ಹಲ್ಲಿನ ಬೇರಿನ ಸುತ್ತ ಇರುವ ನಾರಿನ ಪದರ ಒತ್ತಡವನ್ನು ಅಳೆದು ಹೇಳುತ್ತಿತ್ತು. ಆ ಸುದ್ದಿ ಈಗ ಬರುವುದಿಲ್ಲ, ತುತ್ತಿನಲ್ಲಿ ಕಲ್ಲಿದ್ದರೂ ಸದ್ದಾದ ಮೇಲೆಯೇ ಗೊತ್ತಾಗುತ್ತದೆ. ಮುಂದಿನ ಹಲ್ಲಿನಿಂದ ಕಚ್ಚಿದರೆ ಮೇಲಿನ ಸೆಟ್ ಹಿಂದಿನಿಂದ ಕಳಚಿ ಬೀಳುವುದರಿಂದ ಹಣ್ಣನ್ನು ಹೆಚ್ಚಿಕೊಂಡೇ ತಿನ್ನಬೇಕು. ಒಂದೇ ಬದಿಯಿಂದ ಅಗಿಯುವ ನನ್ನ ಹದಿನೈದು ವರ್ಷಗಳ ಅಭ್ಯಾಸವಂತೂ ಇಲ್ಲಿ ಶತ್ರುವಾಯಿತು: ತುತ್ತನ್ನು ಎರಡು ಪಾಲು ಮಾಡಿ ಎರಡೂ ಬದಿಗೆ ಸಮನಾಗಿ ಇಟ್ಟುಕೊಳ್ಳದಿದ್ದರೆ ಸೆಟ್ ತಕ್ಕಡಿಯಂತೆ ಓಲಾಡುತ್ತದೆ.

ವಸಡು ಒತ್ತಿ ಹುಣ್ಣಾದಾಗ ನಾನೊಂದು ಮೂರ್ಖತನ ಮಾಡಿದೆ. ಉಗುರು ಉಜ್ಜುವ ಅರದಿಂದ ಸೆಟ್‌ನ ಅಂಚನ್ನು ನಾನೇ ತಿದ್ದಿದೆ. ಹುಣ್ಣು ಕಡಿಮೆಯಾಗಲಿಲ್ಲ, ಬದಲಿಗೆ ಅಂಚಿನ ಬಿಗಿ ಹೋಗಿ ಹಿಡಿತ ಸಡಿಲವಾಯಿತು. ಮೇಲಿನ ಸೆಟ್ ನಿಲ್ಲುವುದೇ ಅಂಗುಳಕ್ಕೂ ತಗಡಿಗೂ ನಡುವಿನ ತೆಳುವಾದ ಎಂಜಲಿನ ಪದರ ಮತ್ತು ಸುತ್ತಲೂ ಗಾಳಿ ನುಗ್ಗದಂತೆ ತಡೆಯುವ ಅಂಚಿನಿಂದ. ಇನ್ನೊಂದು ತಪ್ಪು, ನೋವಾಗುತ್ತದೆಂದು ಸೆಟ್ಟನ್ನು ನಾಲ್ಕು ದಿನ ತೆಗೆದಿಟ್ಟು, ಹುಣ್ಣು ಮಾಯ್ದ ಮೇಲೆ ವೈದ್ಯರ ಬಳಿ ಹೋದದ್ದು. ಗುರುತೇ ಇಲ್ಲದ ಜಾಗವನ್ನು ಅವರು ಹೇಗೆ ತಿದ್ದಬೇಕು? ಭೇಟಿಗೆ ಹಿಂದಿನ ದಿನವಾದರೂ ಹಾಕಿಕೊಂಡಿದ್ದು, ಕೆಂಪಗಾದ ಜಾಗವನ್ನು ತೋರಿಸಬೇಕು.

ಸ್ವಚ್ಛ ಮಾಡುವ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಟೂತ್‌ಪೇಸ್ಟ್ ಬಳಸಿದರೆ ಸೆಟ್‌ನ ಅಕ್ರಿಲಿಕ್ ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಕುದಿನೀರು ಹಾಕಿದರೆ ಆಕಾರ ಕೆಡುತ್ತದೆ, ಒಣಗಲು ಬಿಡಬಾರದು. ರಾತ್ರಿ ತೆಗೆದು ನೀರಿನಲ್ಲಿಡದೆ ಸದಾ ಹಾಕಿಕೊಂಡೇ ಇದ್ದರೆ ಅಂಗುಳದಲ್ಲಿ ಶಿಲೀಂಧ್ರದ ಸೋಂಕು ಬರಬಹುದು. ಹಿಡಿತಕ್ಕಾಗಿ ಅಂಟು ಬಳಸುವವರು ಅದರಲ್ಲಿ ಸತು ಇದೆಯೇ ಎಂದು ನೋಡಬೇಕು. ಸತುವಿರುವ ಅಂಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿ ನರಗಳಿಗೆ ಹಾನಿ ತಂದುಕೊಂಡವರಿದ್ದಾರೆ. ಅಂಟು ದಿನದಿನಕ್ಕೆ ಹೆಚ್ಚು ಬೇಕಾಗುತ್ತಿದ್ದರೆ ಒಳಮೈಗೆ ಹೊಸ ಪದರ ಹಾಕಿಸುವ ಕಾಲ ಬಂದಿದೆ ಎಂದರ್ಥ. ನನಗೆ ಅದು ಆರನೆಯ ತಿಂಗಳಿಗೇ ಬೇಕಾಯಿತು, ಏಕೆಂದರೆ ಹೊಸದಾಗಿ ಕಿತ್ತ ಜಾಗದ ಮೂಳೆ ಕರಗುತ್ತಲೇ ಇತ್ತು. ಸೆಟ್ ಅಗ್ಗ ಎಂದು ಹೊರಟವರು ಈ ಖರ್ಚನ್ನೂ, ಐದರಿಂದ ಹತ್ತು ವರ್ಷಕ್ಕೊಮ್ಮೆ ಹೊಸ ಸೆಟ್ ಮಾಡಿಸುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಮೇಲಿನ ಸೆಟ್ ಈಗ ನನ್ನದೇ ಅಂಗವಾಗಿದೆ. ಕೆಳಗಿನದು ಆಗಲೇ ಇಲ್ಲ. ಲಾಳದ ಆಕಾರದ ಅದಕ್ಕೆ ಅಂಟಿಕೊಳ್ಳಲು ಅಂಗುಳವಿಲ್ಲ, ಕೂರಲು ಎತ್ತರದ ದಿಂಡೂ ನನ್ನಲ್ಲಿ ಉಳಿದಿರಲಿಲ್ಲ, ಮೇಲಾಗಿ ನಾಲಿಗೆ ಕ್ಷಣಕ್ಷಣಕ್ಕೂ ಎತ್ತಿ ಹಾಕುತ್ತಿತ್ತು. ಒಂದು ವರ್ಷ ಹೋರಾಡಿದ ಮೇಲೆ, ಕೆಳದವಡೆಯ ಮುಂಭಾಗದಲ್ಲಿ, ಕೋರೆಹಲ್ಲುಗಳಿದ್ದ ಎಡೆಯಲ್ಲಿ ಎರಡೇ ತಿರುಪುಗಳನ್ನು ಕೂರಿಸಿ, ಅದೇ ಸೆಟ್ಟನ್ನು ಅವುಗಳಿಗೆ ಗುಂಡಿಯಂತೆ ಸಿಕ್ಕಿಸುವ ದಾರಿಯನ್ನು ವೈದ್ಯರು ಸೂಚಿಸಿದರು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಿ ಇದನ್ನೇ ಕೊಡಬೇಕು ಎಂದಿದ್ದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೇರಿದವರೂ ಅದನ್ನು ಬೆಂಬಲಿಸಿದರು. ಮೇಲಿನ ದಿಂಡು ಸವೆದವರಲ್ಲೂ ಆ ಮುಂಭಾಗದಲ್ಲಿ ಅದರ ಕೆಳಗಿನ ಮೂಳೆ ಸಾಮಾನ್ಯವಾಗಿ ಸಾಕಷ್ಟು ಉಳಿದಿರುವುದರಿಂದ ಮೂಳೆ ತುಂಬಿಸುವ ಪ್ರಶ್ನೆ ಬರಲಿಲ್ಲ, ಮೂರನೆಯ ಚೀಟಿಯ ಕೊನೆಯ ಸಾಲು ತಾನಾಗಿಯೇ ಅಳಿಯಿತು. ಮೊದಲ ಮೂರು ಅಂದಾಜುಗಳಲ್ಲಿ ಯಾರೂ ಈ ನಡುದಾರಿಯ ಪ್ರಸ್ತಾಪ ಮಾಡಿರಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ. ನಾನಾಗಿಯೇ ಕೇಳಬೇಕೆಂದು ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಮೂರು ತಿಂಗಳು ಕಾದು, ಸೆಟ್‌ನ ಒಳಮೈಗೆ ಎರಡು ನೈಲಾನ್ ಉಂಗುರಗಳನ್ನು ಕೂರಿಸಿದ ದಿನ, ಟಕ್ ಎಂದು ಸದ್ದಾಗಿ ಅದು ಕೂತಿತು. ಈಗ ನಾಲಿಗೆ ಅದನ್ನು ಎತ್ತಲಾರದು. ರಾತ್ರಿ ಮೊದಲಿನಂತೆ ತೆಗೆದು ನೀರಿಗೆ ಹಾಕುತ್ತೇನೆ, ತಿರುಪುಗಳ ತಲೆಯನ್ನು ಮೆತ್ತನೆಯ ಬ್ರಷ್‌ನಿಂದ ಸುತ್ತಲೂ ಉಜ್ಜುತ್ತೇನೆ. ಆ ನೈಲಾನ್ ಉಂಗುರಗಳು ಸವೆಯುವುದರಿಂದ ನನಗೆ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತಿದೆ. ಕಳೆದ ವಾರದಿಂದ ಎಡಗಡೆಯದು ಸದ್ದಿಲ್ಲದೆ ಕೂರುತ್ತಿದೆ. ಗುರುವಾರಕ್ಕೆ ಸಮಯ ಕೇಳಿದ್ದೇನೆ, ಕಂಪನಿಯ ಹೆಸರಿರುವ ಕಾರ್ಡನ್ನು ಈಗಲೇ ಚೀಲದೊಳಗೆ ಇಟ್ಟುಕೊಂಡಿದ್ದೇನೆ.