ಕೈನಕ್ಷೆ, ಐದನೇ ದ್ವೀಪ: ಹಾಳೆ ಸಾಲದ ಅನ್‌ಸ್ಟ್

ಅನ್‌ಸ್ಟ್ ನಕ್ಷೆಯ ಪೆನ್ಸಿಲ್ ಕೆಲಸ ಮುಗಿಯಿತು. ಮುಗಿಯಿತು ಅಂದರೆ, ಹಾಳೆಯ ನೆತ್ತಿಗೆ ಒಂದು ತೇಪೆ ಹಾಕಿದ ಮೇಲೆ ಮುಗಿಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಅಬರ್ಡೀನ್‌ನಲ್ಲಿರುವವರು. ರಜೆ ಸಿಕ್ಕಾಗ ಸ್ಕಾಟ್ಲೆಂಡಿನ ಯಾವುದಾದರೂ ದ್ವೀಪಕ್ಕೆ ಹೋಗಿ, ಒಂದು ದಿನ ಪೂರ್ತಿ ಕಾರಿನಲ್ಲಿ ನಿಧಾನಕ್ಕೆ ಸುತ್ತಿ, ಫೋನಿನ ಮ್ಯಾಪ್ ತೆರೆಯದೆ ಕೈಯಲ್ಲೇ ನಕ್ಷೆ ಬರೆಯುತ್ತೇವೆ. ನಮ್ಮನೆಯವರು ಗಾಡಿ ಓಡಿಸುತ್ತಾ ಮೈಲಿ ಕೂಗುತ್ತಾರೆ, ನಾನು ಗುರುತು ಹಾಕುತ್ತೇನೆ. ಕಣ್ಣಿಗೆ ಬಿದ್ದದ್ದಕ್ಕೆ ಗೆರೆ, ಬೀಳದ್ದಕ್ಕೆ ಬರೀ ಚುಕ್ಕಿ. ಇದೊಂದೇ ನಿಯಮ.

ಬ್ರಿಟನ್ನಿನಲ್ಲಿ ಜನ ವಾಸವಿರುವ ದ್ವೀಪಗಳಲ್ಲಿ ಉತ್ತರದ ಕಟ್ಟಕಡೆಯದು ಅನ್‌ಸ್ಟ್. ಅಬರ್ಡೀನ್‌ನಿಂದ ರಾತ್ರಿಯಿಡೀ ಹಡಗಿನಲ್ಲಿ ಹೋಗಿ ಬೆಳಿಗ್ಗೆ ಶೆಟ್ಲೆಂಡಿನ ಲರ್ವಿಕ್‌ನಲ್ಲಿ ಇಳಿದು, ಮುಂದೆ ಟಾಫ್ಟ್‌ನಿಂದ ಯೆಲ್ ದ್ವೀಪಕ್ಕೊಂದು ಫೆರಿ, ಯೆಲ್ ದಾಟಿ ಅನ್‌ಸ್ಟ್‌ಗೆ ಇನ್ನೊಂದು. ಉದ್ದ ಸುಮಾರು 12 ಮೈಲಿ, ಅಗಲ 5. ಚಿಕ್ಕದಲ್ಲವೇ ಎಂದು ಈ ಸಲ ಅಳತೆಯಲ್ಲಿ ಧಾರಾಳತನ ತೋರಿಸಿದೆ: ಎ3 ಹಾಳೆ, ಮೈಲಿಗೆ ಮೂರು ಸೆಂಟಿಮೀಟರ್. ಎಡವಟ್ಟು ಅಲ್ಲೇ ಶುರುವಾದದ್ದು.

ಬೆಲ್ಮಾಂಟ್ ಫೆರಿ ಕಟ್ಟೆಯಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಟೆವು. ನಮ್ಮ ಮೊದಲ ದ್ವೀಪ ಅರನ್‌ನಲ್ಲಿ ಸುತ್ತಲೂ ಒಂದೇ ರಸ್ತೆ, ಸುಮಾರು 56 ಮೈಲಿ. ಹೊರಟ ಜಾಗಕ್ಕೇ ಬಂದು ಗೆರೆ ಕೂಡಬೇಕು. ಕೂಡದಿದ್ದರೆ ಎಷ್ಟು ತಪ್ಪಿದೆ ಅಂತ ಕಣ್ಣೆದುರಿಗೇ ಗೊತ್ತಾಗುತ್ತದೆ. ಅನ್‌ಸ್ಟ್‌ನಲ್ಲಿ ಆ ಅನುಕೂಲವಿಲ್ಲ. ಎ968 ಎಂಬ ಬೆನ್ನೆಲುಬು ಒಂದು, ಅದಕ್ಕೆ ಆಚೀಚೆ ಪಕ್ಕೆಲುಬುಗಳು. ಪ್ರತಿ ಪಕ್ಕೆಲುಬಿಗೂ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಗಂಟೆಗೆ ಇಪ್ಪತ್ತು ಮೈಲಿ ಮೀರಲಿಲ್ಲ, ಮೀರುವಂತೆಯೂ ಇರಲಿಲ್ಲ. ರಸ್ತೆ ನಡುವೆ ಕುರಿಗಳು ಮಲಗಿರುತ್ತವೆ. ಹಾರ್ನ್ ಹೊಡೆದರೆ ಎದ್ದು ನಮ್ಮನ್ನೊಮ್ಮೆ ನೋಡಿ, ಮತ್ತೆ ಅಲ್ಲೇ ಮಲಗುತ್ತವೆ.

ಮೊದಲ ಪಕ್ಕೆಲುಬಿನ ತುದಿಗೆ ಮುನೆಸ್ ಕೋಟೆ. 1598ರಲ್ಲಿ ಶುರುವಾದ ಕಟ್ಟಡ. ಈಗ ಚಾವಣಿಯಿಲ್ಲ, ಎದುರುಬದುರು ಮೂಲೆಗಳಲ್ಲಿ ಎರಡು ದುಂಡು ಗೋಪುರಗಳಿವೆ. ಹತ್ತು ನಿಮಿಷ, ಒಂದು ಪುಟ್ಟ ಚೌಕ, ಮುಂದೆ.

ಬಾಲ್ಟಸೌಂಡ್ ಹತ್ತಿರ ಬಾಬಿಯ ಬಸ್ ತಂಗುದಾಣ. ಹಳೆಯದನ್ನು ತೆಗೆದುಹಾಕಿದ್ದಾರೆ, ಶಾಲೆಗೆ ಹೋಗಲು ನಿಲ್ಲೋದಾದರೂ ಎಲ್ಲಿ ಅಂತ 1996ರಲ್ಲಿ ಒಬ್ಬ ಪುಟ್ಟ ಹುಡುಗ ಪತ್ರಿಕೆಗೆ ಕಾಗದ ಬರೆದನಂತೆ. ಹೊಸದು ಬಂತು. ಆಮೇಲೆ ಯಾರೋ ಕುರ್ಚಿ ತಂದಿಟ್ಟರು, ಇನ್ಯಾರೋ ಪರದೆ ಕಟ್ಟಿದರು, ಈಗ ಆಗಾಗ ಹೊಸ ಹೊಸ ಅಲಂಕಾರ. ಸಂದರ್ಶಕರ ಪುಸ್ತಕದಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆದೆ. ನಕ್ಷೆಯಲ್ಲಿ ಅದಕ್ಕೆ ಕೋಟೆಗಿಂತ ದೊಡ್ಡ ಜಾಗ ಕೊಟ್ಟಿದ್ದೇನೆ. ಅಳತೆಗೆ ಸರಿಹೊಂದುವುದಿಲ್ಲ, ಗೊತ್ತು.

ದಿನದ ಅರ್ಧ ಕಳೆದದ್ದು ಕೀನ್ ಆಫ್ ಹಮಾರ್‌ನಲ್ಲಿ. ಸುತ್ತಲೆಲ್ಲ ಹಸಿರು, ಇಲ್ಲಿ ಮಾತ್ರ ಜಲ್ಲಿ ಸುರಿದು ಬಿಟ್ಟು ಹೋದ ಹಾಗೆ ಬೋಳು ಗುಡ್ಡ. ಇವರು ಗಾಡಿಯಿಂದಿಳಿದು ಒಂದು ಕಲ್ಲೆತ್ತಿ, ಮಣ್ಣು ಒರೆಸಿ, "ಇದು ನಮ್ಮೂರ ಕಲ್ಲು ಕಣೇ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಇವರದು ಚನ್ನರಾಯಪಟ್ಟಣದ ಕಡೆ. ದೊಡ್ಡಪ್ಪ ಬೈರಾಪುರದ ಕ್ರೋಮೈಟ್ ಗಣಿಯಲ್ಲಿದ್ದವರು. ನುಗ್ಗೇಹಳ್ಳಿ ಸುತ್ತ ಸಿಗುವ ಸರ್ಪೆಂಟೈನ್ ಜಾತಿಯ ಕಲ್ಲೇ ಇಲ್ಲಿಯೂ ಇರುವುದು, ಕ್ರೋಮೈಟ್ ಕೂಡ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲೂ ಗಣಿ ನಡೆದಿದೆ. ಸ್ವಲ್ಪ ದೂರದ ಹ್ಯಾಗ್‌ಡೇಲ್‌ನಲ್ಲಿ ಅದಿರು ಅರೆಯುತ್ತಿದ್ದ ದುಂಡನೆಯ ಕಲ್ಲುಕಟ್ಟೆ ಈಗಲೂ ಇದೆ. ನಮ್ಮ ಎಣ್ಣೆ ಗಾಣವೇ, ಎತ್ತಿನ ಬದಲು ಕುದುರೆ. ನಕ್ಷೆಯಲ್ಲಿ "ಕುದುರೆ ಗಾಣ" ಅಂತಲೇ ಬರೆದಿದ್ದೇನೆ.

ಈ ಮಣ್ಣಿನಲ್ಲಿ ಪೋಷಕಾಂಶ ಕಡಿಮೆ; ನಿಕ್ಕಲ್, ಕ್ರೋಮಿಯಂ, ಮೆಗ್ನೀಸಿಯಂ ಜಾಸ್ತಿ. ಅದಕ್ಕೇ ಹುಲ್ಲು ಹಬ್ಬುವುದಿಲ್ಲ. ಹಬ್ಬದ ಜಾಗದಲ್ಲೇ ಎಡ್ಮನ್‌ಸ್ಟನ್ಸ್ ಚಿಕ್‌ವೀಡ್ ಎಂಬ ಬಿಳಿ ಹೂವಿನ ಗಿಡ, ಅನ್‌ಸ್ಟ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1837ರಲ್ಲಿ ಇದನ್ನು ಗುರುತಿಸಿದ ಥಾಮಸ್ ಎಡ್ಮನ್‌ಸ್ಟನ್‌ಗೆ ಆಗ ಹನ್ನೆರಡೂ ಸರಿಯಾಗಿ ತುಂಬಿರಲಿಲ್ಲ. ಜೂನ್ ತಿಂಗಳಾದ್ದರಿಂದ ನಮಗೂ ಸಿಕ್ಕಿತು: ಗೇಣು ಜಾಗದಲ್ಲಿ ಮೂರು ಹೂವು, ಎಲೆ ದಪ್ಪ, ಕಪ್ಪು ಹಸಿರು, ಗಾಳಿಗೆ ಹೆದರಿದ ಹಾಗೆ ನೆಲ ಕಚ್ಚಿಕೊಂಡಿದೆ. ಮೊಣಕಾಲೂರಿ ಕೂತು ಚಿತ್ರ ಬರೆದುಕೊಂಡೆ. ಕಾಲಿಡುವಾಗ ಎಚ್ಚರ ಬೇಕು; ಕಲ್ಲೋ ಗಿಡವೋ ತಿಳಿಯುವುದೇ ಇಲ್ಲ.

ದಿಕ್ಸೂಚಿ ಕೈಕೊಟ್ಟದ್ದೂ ಇಲ್ಲೇ. ಕಾರಿನ ಕಬ್ಬಿಣ ಮುಳ್ಳನ್ನು ಎಳೆಯುತ್ತದೆಂದು ಹತ್ತು ಹೆಜ್ಜೆ ಆಚೆ ಹೋಗಿ ನೋಡುವುದು ನನ್ನ ರೂಢಿ. ಇಲ್ಲಿ ಅದನ್ನು ಬಂಡೆ ಮೇಲಿಟ್ಟರೆ ಒಂದು ದಿಕ್ಕು, ಕೈಯಲ್ಲಿ ಹಿಡಿದರೆ ಇನ್ನೊಂದು. ಸರ್ಪೆಂಟೈನ್ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಅದರ ಆಟ ಎಂದರು ಇವರು. ಊರ ಕಲ್ಲು ಅಂತ ಅಷ್ಟು ಹೊಗಳಿದಿರಲ್ಲ, ನೋಡಿ ಈಗ!

ಹೆರಾಲ್ಡ್ಸ್‌ವಿಕ್‌ನಲ್ಲಿ ರಸ್ತೆ ಪಕ್ಕದಲ್ಲೇ ವೈಕಿಂಗ್ ಹಡಗು ನಿಂತಿದೆ: ಸ್ಕಿಡ್‌ಬ್ಲಾಡ್ನರ್, ನಾರ್ವೆಯ ಗೋಕ್‌ಸ್ಟಾಡ್ ಹಡಗಿನ ಪ್ರತಿರೂಪ. ಹತ್ತಿ ಇಳಿದೆವು. ನಾರ್ವಿಕ್ ಕಡಲ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು, ಪುಳಿಯೋಗರೆ. ಕಾರಿನ ಬಾಗಿಲು ತೆಗೆದ ಕೂಡಲೇ ಗಾಳಿ ಮೊದಲ ತುತ್ತು ತಾನೇ ತಿಂದಿತು. ಉಳಿದದ್ದನ್ನು ಕಿಟಕಿ ಏರಿಸಿಕೊಂಡು ಒಳಗೇ ಕೂತು ತಿಂದೆವು.

ಊಟ ಮುಗಿಸಿ ನೋಡಿದರೆ ಹಾಳೆಯಲ್ಲಿ ಮೇಲ್ಗಡೆ ಎರಡು ಬೆರಳು ಜಾಗ ಉಳಿದಿದೆ, ದ್ವೀಪ ಇನ್ನೂ ಮುಗಿದಿಲ್ಲ.

"ರೀ, ಮೈಲಿ ಸರಿಯಾಗಿ ಹೇಳಿದ್ರಾ?"

"ಮೈಲಿ ಸರೀನೇ. ರಸ್ತೆ ಸೊಟ್ಟ, ನಿನ್ನ ಗೆರೆ ನೆಟ್ಟಗೆ."

ನಿಜ. ನಾನು ದಿಕ್ಕು ನೋಡುತ್ತಿದ್ದದ್ದು ಕವಲು ಬಂದಾಗ ಮಾತ್ರ. ನಡುವೆ ರಸ್ತೆ ಎಷ್ಟು ತಿರುವು ತಿರುಗಿದರೂ ಮೀಟರ್ ಅದನ್ನೆಲ್ಲ ಎಣಿಸುತ್ತದೆ, ನಾನು ಅದನ್ನೆಲ್ಲ ನೇರ ಎಳೆದು ಉದ್ದ ಮಾಡಿದ್ದೆ. ಅರನ್‌ನಲ್ಲಿ ಗೆರೆ ಕೂಡುವಾಗಲೇ ಈ ತಪ್ಪು ಸಿಕ್ಕಿಬೀಳುತ್ತಿತ್ತು. ಮುಂದಿನ ದ್ವೀಪದಿಂದ ದೊಡ್ಡ ತಿರುವಿಗೆಲ್ಲ ಗಾಡಿ ನಿಲ್ಲಿಸಬೇಕು. ಇವರು ಈಗಲೇ ಗೊಣಗುತ್ತಿದ್ದಾರೆ.

ಹೀಗಾಗಿ ಲ್ಯಾಂಬಾ ನೆಸ್ ರಾಕೆಟ್ ಉಡಾವಣಾ ನೆಲೆಯೂ, ಬ್ರಿಟನ್ನಿನ ರಸ್ತೆಗಳಿಗೆಲ್ಲ ಉತ್ತರದ ಕೊನೆಯಾದ ಸ್ಕಾ ಕೂಡ ತೇಪೆಯ ಮೇಲೆ ಬಂದಿವೆ. ಸ್ಕಾದಲ್ಲಿ ರಸ್ತೆ ಒಂದು ಮನೆ, ಒಂದಿಷ್ಟು ಮರಳಿನ ಹತ್ತಿರ ಸುಮ್ಮನೆ ನಿಂತುಬಿಡುತ್ತದೆ.

ವಾಪಸ್ ಬರುತ್ತಾ ಸ್ಯಾಕ್ಸಾ ವೋರ್ಡ್ ಗುಡ್ಡ ಹತ್ತಿದೆವು. ಅಲ್ಲಿಂದ ಮಕಲ್ ಫ್ಲಗ್ಗಾ ದೀಪಸ್ತಂಭ ಕಾಣಬೇಕು. ಸಮುದ್ರದ ನಡುವಿನ ಒಂಟಿ ಬಂಡೆಯ ಮೇಲೆ ಸ್ಟೀವನ್ಸನ್ ಸೋದರರು, ಥಾಮಸ್ ಮತ್ತು ಡೇವಿಡ್, ಕಟ್ಟಿಸಿದ್ದು. 1854ರಲ್ಲಿ ತಾತ್ಕಾಲಿಕ ದೀಪ, 1858ರಲ್ಲಿ ಈಗಿನದು. ನಮಗೆ ಕಂಡದ್ದು ಮಂಜು. ಮುಕ್ಕಾಲು ಗಂಟೆ ಕಾದು, ಫ್ಲಾಸ್ಕಿನ ಕಾಫಿ ಖಾಲಿ ಮಾಡಿ ಇಳಿದೆವು.

ರಾತ್ರಿ ಹನ್ನೊಂದಕ್ಕೆ ತಂಗಿದ್ದ ಕೋಣೆಯ ಕಿಟಕಿ ಬಳಿ ಕೂತು ದೀಪ ಹಾಕದೆ ತೇಪೆ ಅಂಟಿಸಿದೆ. ಜೂನ್‌ನ ಈ ಕತ್ತಲಾಗದ ಹೊತ್ತಿಗೆ ಶೆಟ್ಲೆಂಡಿನವರು ಸಿಮ್ಮರ್ ಡಿಮ್ ಅನ್ನುತ್ತಾರೆ. ಬಣ್ಣ ಹಚ್ಚುವುದು ಬಾಕಿ. ನಿಯಮದ ಪ್ರಕಾರ ದೀಪಸ್ತಂಭ ಇರುವ ಕಡೆ ಬರೀ ಚುಕ್ಕಿ ಇಟ್ಟಿದ್ದೆ. ಇವರು ಹಿಂದಿನಿಂದ ಬಗ್ಗಿ ನೋಡಿ, "ಚುಕ್ಕಿ ಆಯ್ತು, ರಂಗೋಲಿ ಯಾವಾಗ?" ಅಂದರು.