ಅದೇ ಸೌಂಡ್ ಲ್ಯಾಪ್‌ಟಾಪಿನಲ್ಲಿ ಬಿಟ್ಟಿ ಸಿಗುತ್ತಲ್ಲ, ಮತ್ತೆ ಈ ಪೆಟ್ಟಿಗೆ ಯಾಕೆ?

ನನ್ನ ಕೋಣೆಗೆ ಬಂದವರು ಕೇಳುವುದು ಎರಡೇ ಪ್ರಶ್ನೆ. ಸಂಗೀತದ ಗೊಡವೆ ಇಲ್ಲದವರು "ಇದ್ಯಾವ ಕ್ಯಾಸಿಯೋ?" ಅನ್ನುತ್ತಾರೆ. ನಮ್ಮಲ್ಲಿ ಕಪ್ಪು ಬಿಳಿ ಕೀ ಇರುವ ಕರೆಂಟಿನ ಪೆಟ್ಟಿಗೆಗೆಲ್ಲ ಕ್ಯಾಸಿಯೋ ಅಂತಲೇ ಹೆಸರು, ಮೇಲೆ ಯಮಹಾ ಅಂತ ದೊಡ್ಡದಾಗಿ ಬರೆದಿದ್ದರೂ ಸರಿ. ಒಂದು ಕೀ ಒತ್ತಿ ನೋಡುತ್ತಾರೆ. ಸದ್ದಿಲ್ಲ. ಇದರಲ್ಲಿ ಸ್ಪೀಕರ್ ಇಲ್ಲ ಅನ್ನುತ್ತೇನೆ. "ರಿದಮ್ಮೂ ಇಲ್ವಾ?" ಇಲ್ಲ. ಅಲ್ಲಿಗೆ ಅವರ ಕುತೂಹಲ ಮುಗಿಯಿತು.

ಎರಡನೆಯ ಪ್ರಶ್ನೆ ಕೇಳುವವರು ವಿಷಯ ಗೊತ್ತಿರುವವರು. ಹಾಡು ರೆಕಾರ್ಡ್ ಮಾಡಿಸಲು ಬರುವ ಹುಡುಗರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ರಾತ್ರಿ ಬೀಟ್ ಮಾಡುವ ನನ್ನ ಸೋದರತ್ತೆ ಮಗ. "ಇದು ಡಿಎಕ್ಸ್7 ಅಲ್ವಾ? ಇದರ ಸೌಂಡ್ ಫ್ರೀ ಆಗಿ ಸಿಗುತ್ತಲ್ಲ. ಮತ್ತೆ ಅರ್ಧ ಟೇಬಲ್ ಇದಕ್ಯಾಕೆ ಕೊಟ್ಟಿದೀರಾ?"

ಇದನ್ನು ಎಷ್ಟು ಜನ ಕೇಳಿದ್ದಾರೆ ಅಂದರೆ, ಒಂದು ಸಲ ಬರೆದಿಟ್ಟುಬಿಡೋಣ ಅನ್ನಿಸಿತು.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ಅವರು ಹೇಳುವುದು ನಿಜ. ಡೆಕ್ಸೆಡ್ ಅನ್ನುವ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲೂ ಇದರಲ್ಲೂ ಒಂದೇ ರಾಗ ನುಡಿಸಿ, ರೆಕಾರ್ಡ್ ಮಾಡಿ, ಯಾವುದು ಯಾವುದು ಅಂತ ಮರೆತು ಕೇಳಿದ್ದೇನೆ. ಒಂಟಿಯಾಗಿ ಕೇಳಿದಾಗ ಪೆಟ್ಟಿಗೆಯ ಸದ್ದಿನಲ್ಲಿ ಸ್ವಲ್ಪ ಮರಳು ಮರಳು ಅನ್ನಿಸುತ್ತದೆ, ಹಿಂದೆ ಸಣ್ಣಗೆ ಸುಯ್ ಅನ್ನುವ ಶಬ್ದವೂ ಇರುತ್ತದೆ. ಮೃದಂಗ, ಗಿಟಾರ್ ಸೇರಿದ ಮೇಲೆ ನನಗಂತೂ ಗೊತ್ತಾಗಲಿಲ್ಲ. ಹಳೇ ಅನಲಾಗ್ ಸಿಂಥ್ (ಕರೆಂಟಿನಲ್ಲೇ ಸದ್ದು ಹುಟ್ಟಿಸುವ ಕೀಬೋರ್ಡ್) ಆಗಿದ್ದರೆ ಬಿಸಿಯಾದಂತೆ ಶ್ರುತಿ ಅತ್ತಿತ್ತ ಸರಿಯುತ್ತದೆ, ಅದಕ್ಕೊಂದು ಗುಣ ಇದೆ ಅಂತ ವಾದ ಮಾಡಬಹುದಿತ್ತು. ಇದು ಡಿಜಿಟಲ್. ಒಳಗೆ ಇರುವುದು ಬರೀ ಅಂಕಿ.

ಆದ್ದರಿಂದ ಸೌಂಡಿಗೋಸ್ಕರ ಇಟ್ಟುಕೊಂಡಿದ್ದೇನೆ ಅಂತ ನಾನು ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಯಮಹಾ ಡಿಎಕ್ಸ್7 ಬಂದದ್ದು 1983ರಲ್ಲಿ. 61 ಕೀ, ಒಮ್ಮೆಗೆ 16 ಸ್ವರ, ತೂಕ 14 ಕಿಲೋ. ತಿರುಗಿಸುವ ಗುಬುಟು ಒಂದೂ ಇಲ್ಲ. ಹಸಿರು, ಕಂದು ಬಣ್ಣದ ಚಪ್ಪಟೆ ಬಟನ್‌ಗಳು, ಸಾಲಿಗೆ 16 ಅಕ್ಷರದ ಎರಡು ಸಾಲಿನ ಪುಟ್ಟ ಡಿಸ್‌ಪ್ಲೇ, ಅದಕ್ಕೆ ಲೈಟೂ ಇಲ್ಲ. ಸಂಜೆಯಾದರೆ ಟಾರ್ಚ್ ಹಿಡಿಯಬೇಕು.

ಇದು ಸದ್ದು ಮಾಡುವ ರೀತಿ ಮಾತ್ರ ಮಜವಾಗಿದೆ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಅನ್ನುವ ಸಂಗೀತಗಾರ ಕಂಪ್ಯೂಟರಿನಲ್ಲಿ ಸ್ವರವನ್ನು ಅಲುಗಾಡಿಸುತ್ತಾ ಕೂತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಂಪಿತ. ಒಂದು ಸ್ವರವನ್ನು ಸೆಕೆಂಡಿಗೆ ಐದಾರು ಸಲ ಮೇಲೆ ಕೆಳಗೆ ಮಾಡಿದರೆ ಕಿವಿಗೆ ಅಲುಗಾಟ ಅಂತಲೇ ಕೇಳುತ್ತದೆ. ಅದನ್ನೇ ಸೆಕೆಂಡಿಗೆ ನೂರಾರು ಸಲ ಮಾಡಿದರೆ? ಅಲುಗಾಟ ಮಾಯ. ಅದರ ಜಾಗದಲ್ಲಿ ಬೇರೆಯದೇ ಒಂದು ನಾದ ಬಂದು ಕೂರುತ್ತದೆ: ಗಂಟೆ, ಕಂಚು, ತಂತಿ. ಎರಡು ಸಾದಾ ಅಲೆ ಸಾಕು, ಒಂದು ನುಡಿಯುವುದು, ಇನ್ನೊಂದು ಅದನ್ನು ಅಲುಗಾಡಿಸುವುದು. ಅಮೆರಿಕದ ಆರ್ಗನ್ ಕಂಪನಿಗಳು ಇದು ನಮಗೆ ಬೇಡ ಅಂದವು. ಜಪಾನಿನ ಯಮಹಾ ಲೈಸೆನ್ಸ್ ತೆಗೆದುಕೊಂಡಿತು. ಡಿಎಕ್ಸ್7ರಲ್ಲಿ ಅಂಥ ಅಲೆಗಳು ಆರು. ಯಾವುದು ಯಾವುದನ್ನು ಅಲುಗಾಡಿಸಬೇಕು ಅನ್ನುವುದಕ್ಕೆ 32 ಜೋಡಣೆ. ಅವನ್ನು ಪೆಟ್ಟಿಗೆಯ ಮೇಲೆಯೇ ಚಿತ್ರ ಬರೆದು ತೋರಿಸಿದ್ದಾರೆ, ವಂಶವೃಕ್ಷದ ಥರ.

ಅಲುಗಾಡಿಸುವ ಅಲೆಯ ವೇಗ ನುಡಿಯುವ ಅಲೆಯ ಒಂದು ಪಟ್ಟು, ಎರಡು ಪಟ್ಟು ಇದ್ದರೆ ಸದ್ದು ಶ್ರುತಿಯಲ್ಲಿ ನಿಲ್ಲುತ್ತದೆ. ಮೂರೂವರೆ ಪಟ್ಟು ಮಾಡಿ ನೋಡಿ, ದೇವಸ್ಥಾನದ ಗಂಟೆ. ಇದರ ಎಲೆಕ್ಟ್ರಿಕ್ ಪಿಯಾನೋ ಸದ್ದು 80ರ ದಶಕದಲ್ಲಿ ಪ್ರಪಂಚವೆಲ್ಲ ಸುತ್ತಿತು. ಅದರಲ್ಲಿ ಬೆರಳು ತಾಗಿದ ಕ್ಷಣ "ಟಿಂಗ್" ಅನ್ನುತ್ತದಲ್ಲ, ಅದು 14 ಪಟ್ಟು ವೇಗದಲ್ಲಿ ಅಲುಗಾಡಿಸುವ ಒಂದು ಅಲೆಯ ಕೆಲಸ.

ಇರಲಿ. ನನ್ನ ಉತ್ತರ ಇರುವುದು ಈ ಪೆಟ್ಟಿಗೆ ನನ್ನ ಹತ್ತಿರ ಬಂದ ಕತೆಯಲ್ಲಿ.

ಇದು ಹಾಸನದ ಕಡೆಯ ಒಬ್ಬ ಮೇಷ್ಟ್ರದ್ದು. ಶಾಲೆ ಮೇಷ್ಟ್ರಲ್ಲ, ಆರ್ಕೆಸ್ಟ್ರಾ ಮೇಷ್ಟ್ರು. ಗಣಪತಿ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆ ಅಂತ ಇಪ್ಪತ್ತು ವರ್ಷ ಊರೂರು ತಿರುಗಿದವರು. ದುಬೈನಲ್ಲಿದ್ದ ಬಾಮೈದನಿಂದ ತರಿಸಿಕೊಂಡಿದ್ದರಂತೆ. ಆಮೇಲೆ ರಿದಮ್ಮೆಲ್ಲ ಇರುವ ಹೊಸ ಕೀಬೋರ್ಡ್ ಬಂದವು, ಇದು ಅಟ್ಟ ಸೇರಿತು. ನಾನು ಕೊಟ್ಟದ್ದು ಒಂದು ಹಳೇ ಸ್ಕೂಟರಿನ ಬೆಲೆ. "ತಗೊಂಡು ಹೋಗಪ್ಪ, ಇಲ್ಲಿದ್ರೆ ಇಲಿ ಗೂಡು ಕಟ್ಟುತ್ತೆ" ಅಂದರು.

ಮನೆಗೆ ತಂದು ಸ್ವಿಚ್ ಹಾಕಿದೆ. ಈ ಯಂತ್ರದ ನೆನಪಿನಲ್ಲಿ 32 ಸದ್ದು ಹಿಡಿಯುತ್ತವೆ. ಕಂಪನಿಯ ಸದ್ದುಗಳು ಇರುತ್ತವೆ ಅಂದುಕೊಂಡಿದ್ದೆ. ಒಂದೊಂದೇ ಬಟನ್ ಒತ್ತುತ್ತಾ ಹೋದೆ. ಪುಟ್ಟ ಡಿಸ್‌ಪ್ಲೇಯಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬಂದ ಹೆಸರುಗಳು: ಗಂಟೆ. ನಾಗಸ್ವರ. ಕೊಳಲು. ಪುಂಗಿ 1. ಪುಂಗಿ 2. ವೀಣಾ 3. ಹೆಸರಿಗೆ ಹತ್ತೇ ಅಕ್ಷರ ಜಾಗ. ಅಷ್ಟರಲ್ಲೇ ಒಂದು ಆರ್ಕೆಸ್ಟ್ರಾದ ಇಡೀ ಸಾಮಾನಿನ ಪಟ್ಟಿ ಇತ್ತು.

ಎಲ್ಲ ಅವರೇ ಮಾಡಿದ್ದು. ಒಂದು ಸದ್ದು ಮಾಡಲು ಈ ಯಂತ್ರದಲ್ಲಿ ನೂರೈವತ್ತರಷ್ಟು ಅಂಕಿ ಕೂರಿಸಬೇಕು. ಒಮ್ಮೆಗೆ ಒಂದು ಅಂಕಿ ಮಾತ್ರ ಕಾಣುತ್ತದೆ. ವೀಣಾ 3ರ ಒಳಗೆ ಇಣುಕಿ ನೋಡಿದೆ. ಮೀಟಿದ ಕೂಡಲೇ ಚೂಪಾಗಿ, ಆಮೇಲೆ ಮೆತ್ತಗಾಗಬೇಕಲ್ಲ, ಅದಕ್ಕೆ ಅಲುಗಾಡಿಸುವ ಅಲೆ ಬೇಗ ಸಾಯುವ ಹಾಗೆ, ನುಡಿಯುವ ಅಲೆ ನಿಧಾನಕ್ಕೆ ಸಾಯುವ ಹಾಗೆ ಮಾಡಿದ್ದರು. ನಾನು ಸುಮ್ನೆ ಎರಡನೇ ಅಲೆಯ ಮಟ್ಟವನ್ನು ಆರೇ ಆರು ಅಂಕಿ ಏರಿಸಿದೆ. ತಂತಿ ಹೋಗಿ ತಗಡಾಯಿತು. ಇಳಿಸಿದೆ, ವೀಣೆ ವಾಪಸ್ ಬಂತು. ಅಷ್ಟು ನಾಜೂಕಾಗಿ ಕೂರಿಸಿದ್ದರು. ವೈಣಿಕರು ಕೇಳಿದರೆ ನಕ್ಕಾರು, ಅದು ಬೇರೆ ಮಾತು. ಪೆಂಡಾಲಿನ ಕೊನೆಯ ಕುರ್ಚಿಗೆ ಇದು ವೀಣೆಯೇ.

ಇದರಲ್ಲಿ ಇನ್ನೂ ಒಂದು ವಿಷಯ ಇತ್ತು. ಕೀಯನ್ನು ಒತ್ತಿ ಹಿಡಿದು ಇನ್ನೊಂಚೂರು ಅಮುಕಿದರೆ ಸ್ವರಕ್ಕೆ ಕಂಪಿತ ಬರುತ್ತಿತ್ತು. ಇದಕ್ಕೆ ಆಫ್ಟರ್‌ಟಚ್ ಅನ್ನುತ್ತಾರೆ. ಎಡಗೈಯ ಚಕ್ರ ತಿರುಗಿಸಿದರೆ ಸರಿಯಾಗಿ ವೀಣೆಯ ತಂತಿ ಎಳೆದಷ್ಟು ಜಾರು. ಎರಡೂ ಕೈಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಬ್ಯಾಟರಿ ಸಾಯುತ್ತಿತ್ತು. ಈ 32 ಸದ್ದುಗಳನ್ನು ಕರೆಂಟ್ ಇಲ್ಲದಾಗ ಜೀವ ಹಿಡಿದು ಕಾಯುವುದು ಒಂದು ಬಟನ್ ಬ್ಯಾಟರಿ, ಸಿಆರ್2032. ಗೋಡೆ ಗಡಿಯಾರದ ಬ್ಯಾಟರಿ ಥರ ತೆಗೆದು ಹಾಕುವ ಹಾಗಿಲ್ಲ, ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ತೆಗೆದರೆ ನೆನಪೆಲ್ಲ ಖಾಲಿ. ಅದಕ್ಕೆ ಮೊದಲು ಸದ್ದುಗಳನ್ನು ಮಿಡಿ ಕೇಬಲಿನಲ್ಲಿ ಕಂಪ್ಯೂಟರಿಗೆ ಕಳಿಸಿದೆ. ಮಿಡಿ ಅಂದರೆ ಇಂಥ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ. "ಮಿಡಿ ಟ್ರಾನ್ಸ್‌ಮಿಟ್?" ಅಂತ ಯಂತ್ರ ಕೇಳಿತು. ಯೆಸ್ ಒತ್ತಿದೆ. ಸದ್ದಿಗೆ 128 ಬೈಟಿನಂತೆ 32 ಸದ್ದಿಗೆ 4096, ತಲೆಬಾಲ ಸೇರಿ 4104 ಬೈಟ್. ಮಿಡಿಯ ವೇಗದಲ್ಲಿ ಅದು ದಾಟಲು ಒಂದೂವರೆ ಸೆಕೆಂಡೂ ಬೇಡ. ಒಬ್ಬ ಮನುಷ್ಯನ ಎಷ್ಟೋ ವರ್ಷದ ರಾತ್ರಿಗಳು! ವಾಟ್ಸಾಪಿನ ಒಂದು ಗುಡ್ ಮಾರ್ನಿಂಗ್ ಚಿತ್ರ ಇದರ ಎಷ್ಟು ಪಟ್ಟು ಇರುತ್ತೋ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಬ್ಯಾಟರಿ ಹೋಲ್ಡರ್ ತಂದೆ. ಪರಿಚಯದ ಟಿವಿ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿದೆ. ಸದ್ದುಗಳು ಅಪ್ಪಿತಪ್ಪಿ ಅಳಿಯದ ಹಾಗೆ ಕಾಯುವ ಮೆಮೊರಿ ಪ್ರೊಟೆಕ್ಟ್ ತೆಗೆದು ಫೈಲನ್ನು ವಾಪಸ್ ಕಳಿಸಿದೆ. 32 ಹೆಸರೂ ಬಂದವು. ಖುಷಿಯಲ್ಲಿ ವೀಣಾ 3 ಹಾಕಿ, ಕೀ ಒತ್ತಿ, ಅಮುಕಿದೆ.

ಏನೂ ಆಗಲಿಲ್ಲ. ಸ್ವರ ಕೋಲಿನಂತೆ ನಿಂತಿತ್ತು. ಚಕ್ರ ತಿರುಗಿಸಿದರೂ ಬೇರೆಲ್ಲೋ ಹೋಗಿ ನಿಲ್ಲುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಮೊದಲ ಡಿಎಕ್ಸ್7ರಲ್ಲಿ ಆಫ್ಟರ್‌ಟಚ್ ಎಷ್ಟು ಕೆಲಸ ಮಾಡಬೇಕು, ಚಕ್ರ ಎಷ್ಟು ದೂರ ಎಳೆಯಬೇಕು ಅನ್ನುವ ಅಂಕಿಗಳು ಸದ್ದಿನ ಜೊತೆ ಇರುವುದಿಲ್ಲ. ಅವು ಇಡೀ ಯಂತ್ರಕ್ಕೆ ಸೇರಿದ ಅಂಕಿಗಳು, ಫಂಕ್ಷನ್ ಅನ್ನುವ ಬೇರೆ ಜಾಗದಲ್ಲಿರುತ್ತವೆ. ನಾನು ಉಳಿಸಿಕೊಂಡ 4104 ಬೈಟಿನಲ್ಲಿ ಅವು ಇರಲೇ ಇಲ್ಲ. ಬ್ಯಾಟರಿ ಕಿತ್ತ ಕ್ಷಣ ಹೋಗಿದ್ದವು. ಮೇಷ್ಟ್ರ ವೀಣೆ ಉಳಿಯಿತು, ಅದನ್ನು ನುಡಿಸುವ ಅವರ ಕೈ ಹೋಯಿತು.

ಈಗ ಪ್ರಶ್ನೆಗೆ ಬರುತ್ತೇನೆ. ಆ ಫೈಲನ್ನು ಡೆಕ್ಸೆಡ್‌ಗೆ ಹಾಕಿದರೆ ವೀಣಾ 3 ಅಲ್ಲೂ ನುಡಿಯುತ್ತದೆ. ನಾನೇ ಹಾಕಿದ್ದೇನೆ. ಆದರೆ ನನ್ನ ಹತ್ತಿರ ಇರುವ ಚಿಕ್ಕ ಯುಎಸ್‌ಬಿ ಕೀಬೋರ್ಡಿನಲ್ಲಿ ಆಫ್ಟರ್‌ಟಚ್ಚೇ ಇಲ್ಲ. ಇನ್ನೊಂದು ತೊಡಕೂ ಇದೆ. ಎಷ್ಟು ಜೋರಾಗಿ ಬಾರಿಸಿದೆ ಅನ್ನುವುದನ್ನು ಮಿಡಿಯಲ್ಲಿ 127ರ ತನಕ ಎಣಿಸುತ್ತಾರೆ. ಈ ಹಳೇ ಡಿಎಕ್ಸ್7ರ ಕೀಗಳು ಎಷ್ಟು ಗುದ್ದಿದರೂ ಅಷ್ಟರವರೆಗೆ ಹೋಗುವುದಿಲ್ಲ. ಅದರ ಮೇಲೆ ಕೂತು ಮಾಡಿದ ಸದ್ದುಗಳೆಲ್ಲ ಆ ಮಿತಿಯೊಳಗೇ ಹದವಾಗಿರುತ್ತವೆ. ಹೊಸ ಕೀಬೋರ್ಡಿನಲ್ಲಿ ಅದೇ ಸದ್ದಿಗೆ 127 ಕೊಟ್ಟರೆ ಕಿರುಚುತ್ತದೆ. ಸಾಫ್ಟ್‌ವೇರಿನ ತಪ್ಪಲ್ಲ ಅದು. ಅಂಕಿಗಳು ಅವೇ, ಆದರೆ ಅವನ್ನು ಹದ ಮಾಡಿದ್ದು ಈ 61 ಕೀಗಳ ಮೇಲೆ, ಒಬ್ಬರ ಬೆರಳಿನ ಭಾರಕ್ಕೆ. ಸಾಫ್ಟ್‌ವೇರಿನಲ್ಲೂ ಇದನ್ನೆಲ್ಲ ಸರಿ ಮಾಡಬಹುದು ಅಂತ ನನ್ನ ಸೋದರತ್ತೆ ಮಗ ವಾದ ಮಾಡುತ್ತಾನೆ. ಮಾಡಬಹುದು ಮಾರಾಯ. ಯಾವುದಕ್ಕೆ ಸರಿ ಮಾಡಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತೆ, ಪೆಟ್ಟಿಗೆ ಪಕ್ಕದಲ್ಲಿ ಇಲ್ಲದಿದ್ದರೆ?

ಅಷ್ಟೇ ನನ್ನ ಉತ್ತರ. ಹಾಗಾದರೆ ನಾವೂ ತಗೊಳ್ಳೋಣವಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಹಾಡಿಗೆ ಆ 80ರ ದಶಕದ ಸದ್ದು ಬೇಕು ಅಷ್ಟೇ ಅನ್ನುವುದಾದರೆ ಬೇಡ, ಡೆಕ್ಸೆಡ್ ಇಳಿಸಿಕೊಳ್ಳಿ. ನುಡಿಸುವ ಆಸೆಯೇ ಇದ್ದರೆ ಹೋಗಿ ನೋಡಿ. ಪ್ರತಿ ಕೀಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ. ಪ್ರತಿ ಬಟನ್ನೂ ಒತ್ತಿ. ಜಪಾನಿನಿಂದ ಬಂದದ್ದಾದರೆ 100 ವೋಲ್ಟಿನದ್ದು, ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಅಲ್ಲೇ ತಿಥಿ. ಟ್ರಾನ್ಸ್‌ಫಾರ್ಮರ್ ಬೇಕು. ಒಳಗಿನ ಮುಖ್ಯ ಚಿಪ್‌ಗಳು ಯಮಹಾ ತನಗಾಗಿಯೇ ಮಾಡಿಕೊಂಡವು, ಅವು ಕೈಕೊಟ್ಟರೆ ಇನ್ನೊಂದು ಹಳೇ ಡಿಎಕ್ಸ್7ರಿಂದಲೇ ಕಿತ್ತು ಹಾಕಬೇಕು. ಮತ್ತೆ, ಬ್ಯಾಟರಿ ಬದಲಿಸುವ ಮೊದಲು ಫಂಕ್ಷನ್ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ದಯವಿಟ್ಟು.

ಮೇಷ್ಟ್ರಿಗೆ ಫೋನ್ ಮಾಡಿ ಆ ಅಂಕಿಗಳನ್ನು ಕೇಳಿದ್ದೆ. "ನಂಬರ್ ಯಾರಿಗೆ ನೆನಪಿರುತ್ತಪ್ಪ? ಕೈ ಇಟ್ಟು ನೋಡ್ಬೇಕು" ಅಂದರು. ಕಳೆದ ವೈಶಾಖದಲ್ಲಿ ಮೈಸೂರಿಗೆ ಯಾವುದೋ ಮದುವೆಗೆ ಬಂದವರು ಮನೆಗೂ ಬಂದರು. ಕಾಫಿ ಆರಲು ಬಿಟ್ಟು ಪೆಟ್ಟಿಗೆ ಮುಂದೆ ಕೂತರು. ಕನ್ನಡಕ ತಂದಿರಲಿಲ್ಲ. ಡಿಸ್‌ಪ್ಲೇ ಕಡೆ ನೋಡಲೂ ಇಲ್ಲ. ಬಲಗೈಯಲ್ಲಿ ಪಂಚಮ ಹಿಡಿದು ಅಮುಕುತ್ತಾ, ಎಡಗೈಯಲ್ಲಿ ಯೆಸ್ ಬಟನ್ ಒತ್ತುತ್ತಾ ಹೋದರು. ಅಂಕಿ ಏರಿಸುವುದೂ ಅದೇ ಬಟನ್, ಇಳಿಸುವುದು ನೋ. ಯೆಸ್, ಯೆಸ್, ಯೆಸ್. ಸ್ವರ ನಡುಗಲು ಶುರುವಾಯಿತು. ಇನ್ನೂ ಸ್ವಲ್ಪ. ಜಾಸ್ತಿ ಆಯಿತು. ಎರಡು ಸಲ ನೋ. "ಹಾಂ, ಇಲ್ಲಿ."

ನಾನು ಬಗ್ಗಿ ನೋಡಿದೆ. 37. ಬರೆದುಕೊಂಡೆ.

ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. "ಮೇಷ್ಟ್ರೇ, ವೀಣಾ 3 ಇದೆ. ಒಂದು, ಎರಡು ಎಲ್ಲಿ?"

"ಅವು ಇದಕ್ಕಿಂತ ಚೆನ್ನಾಗಿದ್ವು" ಅಂದರು, ತಣ್ಣಗಾದ ಕಾಫಿ ಎತ್ತಿಕೊಳ್ಳುತ್ತಾ. "ಜಾಗ ಸಾಲ್ಲಿಲ್ಲ. ಅಳಿಸಿ ಪುಂಗಿ ಹಾಕ್ದೆ. ಜನ ಎದ್ದು ಕುಣೀತಿದ್ದಿದ್ದು ಅದಕ್ಕೇ ಅಲ್ವೇನಪ್ಪ."